ಡಿಸೆಂಬರ್ ಐತಲ್ರೀ, ಏನೂ ಆಗೂದಿಲ್ಲ

ಈ ಮಾತು ನನ್ನದೇ. 2015ರ ಡಿಸೆಂಬರ್ 26, ಶನಿವಾರ ಸಂಜೆ ನಾಲ್ಕೂವರೆ ಸುಮಾರಿಗೆ ಹೇಳಿದ್ದು. ಟೆಕ್ಸಸ್‌ನ ಗಾರ್ಲಂಡ್ ಊರಿನ ನಮ್ಮ ಅಡುಗೆಮನೆಯಲ್ಲಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಹೂರಣದ ಉಂಡೆ ಕಟ್ಟುತ್ತಾ ಹೇಳಿದ್ದು. ಆ ಕಡೆ ಇದ್ದವರು ಪಕ್ಕದ ಮೆಸ್ಕೀಟ್ ಊರಿನ ನಮ್ಮ ಗೆಳೆಯರು, ಹಾವೇರಿ ಕಡೆಯವರು. ಹಿಂದಿನ ದಿನ ಹೊಸ್ತಿಲ ಹುಣ್ಣಿಮೆಯಾಗಿತ್ತು. ಅವತ್ತು ಅವರಿಗೆ ಬರಲಾಗಿರಲಿಲ್ಲ, ಅದಕ್ಕೆ ಶನಿವಾರ ರಾತ್ರಿ ಹೋಳಿಗೆ ಊಟಕ್ಕೆ ಬರ್ರಿ ಎಂದು ಕರೆದಿದ್ದೆ. "ಟಿವಿಯೊಳಗ ಮಧ್ಯಾಹ್ನದಿಂದ ಗಾಳಿ, ಮಳಿ, ಟೊರ್ನೇಡೊ ಅನ್ನಾಕತ್ತಾರ. ಇವತ್ತ ಬ್ಯಾಡೇನೋ" ಎಂದು ಅಕ್ಕ ಅನುಮಾನಿಸಿದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಡಿಸೆಂಬರ್ ಐತಲ್ರೀ ಅಕ್ಕಾ, ಏನೂ ಆಗೂದಿಲ್ಲ. ಬರ್ರಿ" ಅಂದೆ.

ಅವರು ಆರೂವರೆಗೆ ಮನೆ ಬಿಡಬೇಕಿತ್ತು. ಸಣ್ಣ ಮಗ ಆ ಹೊತ್ತಿಗೆ ಸರಿಯಾಗಿ ನಿದ್ದೆ ಹೋದ. ಎಬ್ಬಿಸಿದರೆ ದಾರಿಯುದ್ದಕ್ಕೂ ಅಳುತ್ತಾನೆ, ಒಂದು ಅರ್ಧ ಗಂಟೆ ಮಲಗಲಿ ಎಂದು ಬಿಟ್ಟರು. 6 ಗಂಟೆ 45 ನಿಮಿಷದ ಆಸುಪಾಸಿನಲ್ಲಿ ಸನ್ನಿವೇಲ್ ಕಡೆಯಿಂದ ನೆಲಕ್ಕಿಳಿದ ಟೊರ್ನೇಡೊ ಗಾರ್ಲಂಡ್‌ನ ದಕ್ಷಿಣದ ಅಂಚಿನಲ್ಲಿ ಇಂಟರ್‌ಸ್ಟೇಟ್ 30 ಮತ್ತು ಜಾರ್ಜ್ ಬುಷ್ ಟರ್ನ್‌ಪೈಕ್ ಕೂಡುವ ಜಾಗವನ್ನು ದಾಟಿ, ಅಲ್ಲಿಂದ ರೌಲೆಟ್ ಊರಿನ ಮನೆಗಳ ಮೇಲೆ ಹೋಯಿತು. ನಮ್ಮ ಮನೆಗೆ ಬರುವಾಗ ಗೆಳೆಯರು ಯಾವಾಗಲೂ ಹಿಡಿಯುತ್ತಿದ್ದ ದಾರಿ ಅದೇ. ಆ ಟೊರ್ನೇಡೊದಲ್ಲಿ ಸತ್ತವರು ಹತ್ತು ಜನ. ಅವರಲ್ಲಿ ಹೆಚ್ಚಿನವರು ಆ ಕೂಡುರಸ್ತೆಯ ಹತ್ತಿರ ಕಾರುಗಳಲ್ಲಿದ್ದವರು. ಎತ್ತರದ ಸೇತುವೆಯ ಮೇಲಿಂದ ಗಾಳಿ ಕಾರುಗಳನ್ನು ಎತ್ತಿ ಕೆಳಕ್ಕೆ ಎಸೆದಿತ್ತು.

ಗೆಳೆಯರು ಇವತ್ತಿಗೂ ಆ ಫೋನಿನ ಮಾತನ್ನು ಎತ್ತಿಲ್ಲ. ಮರೆತಿರಬಹುದು. ನನಗೆ ಮರೆಯಲು ಆಗಿಲ್ಲ. ಆ ಮಾತು ನನ್ನ ಬಾಯಿಗೆ ಅಷ್ಟು ಸಲೀಸಾಗಿ ಎಲ್ಲಿಂದ ಬಂತು ಎಂದು ಇಷ್ಟು ವರ್ಷದಿಂದ ಕೇಳಿಕೊಳ್ಳುತ್ತಲೇ ಇದ್ದೇನೆ.

ಎರೆಭೂಮಿಯ ಡಿಸೆಂಬರ್

ನಾನು ನವಲಗುಂದ ತಾಲೂಕಿನ ಹಳ್ಳಿಯವಳು. ನಮ್ಮ ಕಡೆ ಡಿಸೆಂಬರ್ ಎಂದರೆ ವರ್ಷದಲ್ಲೇ ಅತ್ಯಂತ ನಂಬಿಗಸ್ತ ತಿಂಗಳು. ಹಿಂಗಾರಿ ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಕಡಲೆ ಹೂವಿಗೆ ಬಂದಿರುತ್ತದೆ, ಮಳೆ ಇಲ್ಲದಿದ್ದರೂ ಎರೆಮಣ್ಣು ತನ್ನ ಹೊಟ್ಟೆಯೊಳಗೆ ಹಿಡಿದಿಟ್ಟುಕೊಂಡ ಹಸಿ ಮತ್ತು ಮುಂಜಾನೆಯ ಇಬ್ಬನಿ ಎರಡರ ಮೇಲೆ ಬೆಳೆ ಬದುಕಿಕೊಳ್ಳುತ್ತದೆ. ಗಾಳಿಯೂ ಹಿತ, ಬಿಸಿಲೂ ಹಿತ. ಕೆಲವೇ ದಿನಕ್ಕೆ ಎಳ್ಳಮಾವಾಸ್ಯೆ, ಹೊಲಕ್ಕೆ ಚರಗ ಚೆಲ್ಲಲು ಹೋಗುವುದು. ಆಕಾಶದಿಂದ ಕೆಟ್ಟದ್ದೇನಾದರೂ ಬರಬೇಕಾದರೆ ಅದಕ್ಕೆ ಬೇರೆ ತಿಂಗಳುಗಳಿವೆ. ಅಪ್ಪ ವರ್ಷವನ್ನು ಲೆಕ್ಕ ಹಾಕುತ್ತಿದ್ದದ್ದೇ ಮಳೆ ನಕ್ಷತ್ರಗಳಲ್ಲಿ. ರೋಹಿಣಿ ಮಳೆ ಕೂಡಿತು, ಆರಿದ್ರಾ ಕೈಕೊಟ್ಟಿತು, ಹಸ್ತಾ, ಚಿತ್ತಾ ಹೀಗಾದವು ಎನ್ನುತ್ತಿದ್ದ. ಪ್ರತಿ ಮಳೆಗೂ ಒಂದು ಸ್ವಭಾವ, ಒಂದು ಗಾದೆ. ಆ ಪಟ್ಟಿ ಮುಗಿದ ಮೇಲೆ ಆಕಾಶದ ಕಡೆ ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ಹೆದರಿಕೆಗೂ ಒಂದು ಪಂಚಾಂಗವಿರುತ್ತದೆ ಎಂದು ನನಗೆ ಹೇಳಿಕೊಟ್ಟವರು ಯಾರೂ ಇಲ್ಲ, ಅದು ಮೈಗೆ ಹತ್ತಿಕೊಂಡು ಬಂದದ್ದು.

2011ರಲ್ಲಿ ಡಾಲಸ್ ಸೀಮೆಗೆ ಬಂದಾಗ ಮೊದಲ ವಾರದಲ್ಲೇ ಮನಸ್ಸಿಗೆ ಇಳಿದದ್ದು ಇಲ್ಲಿನ ಮಣ್ಣು. ಯಾರದೋ ಮನೆಯ ಪಾಯ ತೋಡಿದ್ದರು. ಬದಿಗೆ ಹಾಕಿದ ಮಣ್ಣು ನಮ್ಮ ಹೊಲದ ಮಣ್ಣಿನ ಹಾಗೆ ಕಪ್ಪಗೆ, ಜಿಗುಟಾಗಿ ಬಿದ್ದಿತ್ತು. ಇಲ್ಲಿಯವರೂ ಈ ಪಟ್ಟಿಗೆ ಕರಿನೆಲ ಎಂಬ ಅರ್ಥದಲ್ಲೇ ಬ್ಲ್ಯಾಕ್‌ಲ್ಯಾಂಡ್ ಎನ್ನುತ್ತಾರೆ. ಒಂದು ಕಾಲಕ್ಕೆ ಇಲ್ಲೂ ಹತ್ತಿಯನ್ನೇ ಬೆಳೆಯುತ್ತಿದ್ದರು. ನಮ್ಮ ಎರೆಯ ಹಾಗೆಯೇ ಮಳೆಗೆ ಉಬ್ಬಿ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರಿಯುವ ನೆಲ. ಬೇಸಿಗೆಯಲ್ಲಿ ಇಲ್ಲಿಯ ಜನ ಮನೆಯ ಪಾಯದ ಸುತ್ತ ಪೈಪು ಹಾಸಿ ಗಿಡಕ್ಕೆ ಉಣಿಸಿದ ಹಾಗೆ ನೀರುಣಿಸುತ್ತಾರೆ. ಇಲ್ಲವಾದರೆ ಮಣ್ಣು ಕುಗ್ಗಿ ಗೋಡೆ ಸೀಳುತ್ತದೆ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಈ ಮಣ್ಣಿನ ದೆಸೆಯಿಂದ ಇಲ್ಲಿಯ ಮನೆಗಳಿಗೆ ನೆಲಮಾಳಿಗೆ ಇರುವುದು ಅಪರೂಪ. ಕಾಂಕ್ರೀಟ್ ಹಲಗೆಯ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ಹೊರಗೆ ಒಂದು ಸುತ್ತು ಇಟ್ಟಿಗೆ ಕಟ್ಟಿರುತ್ತಾರೆ. ಗಾಳಿ ಬಂದರೆ ಭೂಮಿಯೊಳಕ್ಕೆ ಇಳಿಯುವ ದಾರಿ ಇಲ್ಲ. ಮನೆಯ ನಟ್ಟನಡುವಿನ ಬಚ್ಚಲೋ, ಮೆಟ್ಟಿಲ ಕೆಳಗಿನ ಕ್ಲಾಸೆಟ್ಟೋ, ಅಷ್ಟೇ ಆಸರೆ.

ಟೊರ್ನೇಡೊ ಬಗ್ಗೆ ಎಲ್ಲರೂ ಎಚ್ಚರಿಸಿದ್ದರು. ಏಪ್ರಿಲ್, ಮೇ ಬಂತೆಂದರೆ ಹುಷಾರಾಗಿರಿ ಎಂದು ಆಫೀಸಿನವರು, ಪಕ್ಕದ ಮನೆಯ ಅಜ್ಜಿ, ಮಗಳ ಶಾಲೆಯವರು, ಎಲ್ಲರೂ ಹೇಳಿದ್ದು ಅದನ್ನೇ. ಅವರು ಹೇಳಿದ್ದು ತಪ್ಪಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಟೊರ್ನೇಡೊ ಆಗುತ್ತವೆ, ಅದರಲ್ಲಿ ಹೆಚ್ಚಿನವು ವಸಂತದಲ್ಲೇ. ಆದರೆ ನಾನು ಕೇಳಿಸಿಕೊಂಡ ರೀತಿ ಬೇರೆ. ನವಲಗುಂದದ ಪಂಚಾಂಗದ ಪಕ್ಕಕ್ಕೆ ಟೆಕ್ಸಸ್‌ನದೊಂದು ಪಂಚಾಂಗ ನೇತುಹಾಕಿಕೊಂಡೆ. ಎರಡರಲ್ಲೂ ಡಿಸೆಂಬರ್‌ನ ಖಾನೆ ಖಾಲಿ ಇತ್ತು. ಎರಡು ಊರುಗಳು ಒಂದೇ ಸಾಕ್ಷಿ ಹೇಳಿದರೆ ಯಾರು ಅನುಮಾನಪಡುತ್ತಾರೆ?

ಮಲಗಿದ ಲಟ್ಟಣಿಗೆ, ಎದ್ದ ಕಡಗೋಲು

ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ನನ್ನ ಮಟ್ಟಿಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಮಗೆ ಉತ್ತರದಲ್ಲಿ ಹಿಮಾಲಯ ಅಡ್ಡ ನಿಂತಿದೆ, ಮಧ್ಯ ಏಷ್ಯಾದ ಚಳಿ ನೇರ ಇಳಿದು ಬರಲಾರದು. ಉತ್ತರ ಅಮೆರಿಕದ ದೊಡ್ಡ ಬೆಟ್ಟಸಾಲುಗಳು ಉತ್ತರದಿಂದ ದಕ್ಷಿಣಕ್ಕೆ ಮಲಗಿವೆ. ಹಾಗಾಗಿ ಧ್ರುವದ ಕಡೆಯ ಚಳಿಗೂ ಮೆಕ್ಸಿಕೋ ಕೊಲ್ಲಿಯ ಬೆಚ್ಚನೆ ಹಸಿಗಾಳಿಗೂ ನಡುವೆ ಒಂದು ಗೋಡೆಯೂ ಇಲ್ಲ, ಅವೆರಡೂ ಬಯಲಿನಲ್ಲೇ ಮುಖಾಮುಖಿಯಾಗುತ್ತವೆ. 2015 ಬಲವಾದ ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬೆಚ್ಚಗಾಗಿ ಎಲ್ಲೆಡೆ ಹವಾಮಾನ ಏರುಪೇರಾಗುವ ವರ್ಷ. ಆ ಡಿಸೆಂಬರ್‌ನಲ್ಲಿ ಕೊಲ್ಲಿಯ ಹಸಿಗಾಳಿ ಟೆಕ್ಸಸ್‌ನ ಒಳನಾಡಿನ ತನಕ ಬಂದು ಕೂತಿತ್ತು. ಆ ಶನಿವಾರ ಮಧ್ಯಾಹ್ನ ಕಸದ ಡಬ್ಬಿ ತಳ್ಳಿಕೊಂಡು ಹೊರಗೆ ಹೋದವಳಿಗೆ ಕುತ್ತಿಗೆಯ ಹಿಂದೆ ಬೆವರು ಬಂದಿತ್ತು. ಊರಿನ ರೋಹಿಣಿ ಮಳೆಗೆ ಮುಂಚಿನ ಸೆಕೆಯ ಹಾಗೆ ಮೈಗೆ ಅಂಟುವ ಸೆಕೆ. "ಎಷ್ಟು ಚಲೋ ಹವಾ" ಎಂದುಕೊಂಡು ಒಳಗೆ ಬಂದೆ. ಅಪ್ಪನಾಗಿದ್ದರೆ ಅಲ್ಲೇ ನಿಂತು ಆಕಾಶ ನೋಡುತ್ತಿದ್ದ.

ಚಳಿಗಾಲದಲ್ಲಿ ಇಲ್ಲಿ ಮೇಲಿನ ಗಾಳಿ ಬಹಳ ಜೋರು. ನೆಲದ ಹತ್ತಿರ ಗಾಳಿ ಆಗ್ನೇಯದಿಂದ ಮೆಲ್ಲಗೆ ಬರುತ್ತಿರುತ್ತದೆ, ಮೇಲೆ ಹೋದಂತೆ ದಿಕ್ಕು ನೈರುತ್ಯಕ್ಕೆ ತಿರುಗಿ ವೇಗ ಹಲವು ಪಟ್ಟು ಏರುತ್ತದೆ. ಕೆಳಗೆ ನಿಧಾನ, ಮೇಲೆ ಓಟ. ಹಾಗಾದಾಗ ನಡುವಿನ ಗಾಳಿ ಮಣೆಯ ಮೇಲಿನ ಲಟ್ಟಣಿಗೆಯ ಹಾಗೆ ಮಲಗಿಕೊಂಡೇ ಉರುಳುತ್ತದೆ. ಗುಡುಗಿನ ಮೋಡದ ಬುಡದಲ್ಲಿ ಬಿಸಿಗಾಳಿ ಮೇಲಕ್ಕೆ ಎದ್ದಾಗ ಆ ಉರುಳುವ ಗಾಳಿಯನ್ನೂ ಎಬ್ಬಿಸಿ ನಿಲ್ಲಿಸುತ್ತದೆ. ಮಲಗಿದ ಲಟ್ಟಣಿಗೆ ಎದ್ದು ನಿಂತ ಕಡಗೋಲಾಗುತ್ತದೆ. ಇಡೀ ಮೋಡವೇ ತಿರುಗತೊಡಗುತ್ತದೆ. ಅಂಥ ಮೋಡಗಳೆಲ್ಲ ಟೊರ್ನೇಡೊ ಹಡೆಯುವುದಿಲ್ಲ, ಕೆಲವು ಮಾತ್ರ. ವಸಂತದಲ್ಲಿ ಸೆಕೆ ಹೆಚ್ಚು, ಮೇಲಿನ ಗಾಳಿ ಅಷ್ಟು ಜೋರಲ್ಲ. ಚಳಿಗಾಲದಲ್ಲಿ ಸೆಕೆ ಸಾಲದು, ಗಾಳಿ ವಿಪರೀತ. ಯಾವತ್ತೋ ಒಂದು ಡಿಸೆಂಬರ್ ದಿನ ಎರಡೂ ಒಟ್ಟಿಗೆ ಸೇರಿದರೆ ಅದಕ್ಕೆ ತಿಂಗಳ ಹೆಸರು ಗೊತ್ತಿರುವುದಿಲ್ಲ. ಅದರ ಮೇಲೆ ಚಳಿಗಾಲದ ಕತ್ತಲೆ ಬೇರೆ. ಅವತ್ತು ಐದೂವರೆಯ ಒಳಗೇ ಹೊತ್ತು ಮುಳುಗಿತ್ತು. ಹಗಲಾಗಿದ್ದರೆ ಹೆದ್ದಾರಿಯಲ್ಲಿದ್ದವರಲ್ಲಿ ಒಬ್ಬಿಬ್ಬರಿಗಾದರೂ ಅದು ಕಣ್ಣಿಗೆ ಬೀಳುತ್ತಿತ್ತೋ ಏನೋ.

ಅಳತೆಯ ಮಾತೂ ಹೇಳಿಬಿಡುತ್ತೇನೆ. ಟೊರ್ನೇಡೊಗಳಿಗೆ ದರ್ಜೆ ಕೊಡುವ ಪಟ್ಟಿಯನ್ನು 1971ರಲ್ಲಿ ಮಾಡಿದವರು ಜಪಾನ್‌ನಿಂದ ಬಂದು ಶಿಕಾಗೊದಲ್ಲಿ ನೆಲೆಸಿದ್ದ ವಿಜ್ಞಾನಿ ಟೆಡ್ ಫುಜಿಟಾ. ಅದನ್ನೇ ತಿದ್ದಿ 2007ರಿಂದ ಇಎಫ್ ಎಂದು ಬಳಸುತ್ತಾರೆ, 0ಯಿಂದ 5ರವರೆಗೆ. ಗಾಳಿಯೊಳಗೆ ಮೀಟರ್ ಇಟ್ಟು ಅಳೆಯುವುದಲ್ಲ. ಮುರಿದುಬಿದ್ದ ಮನೆ, ಮರಗಳನ್ನು ಆಮೇಲೆ ಹೋಗಿ ನೋಡಿ, ಇಷ್ಟು ಮುರಿಯಬೇಕಾದರೆ ಗಾಳಿ ಎಷ್ಟಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುವುದು. ಗಾರ್ಲಂಡ್‌ನದು ಇಎಫ್ 4 ಎಂದು ತೀರ್ಮಾನವಾಯಿತು. ಗಂಟೆಗೆ ಸುಮಾರು 290 ಕಿಲೋಮೀಟರ್ ಗಾಳಿ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಅಗಲ, 21 ಕಿಲೋಮೀಟರ್ ಉದ್ದದ ದಾರಿ.

ಮೆಟ್ಟಿಲ ಕೆಳಗೆ

ನಮ್ಮ ಮನೆ ಇರುವುದು ಊರಿನ ಉತ್ತರದ ತುದಿಯಲ್ಲಿ. ನಮಗೆ ಏನೂ ಆಗಲಿಲ್ಲ. ಮೊದಲು ಸೈರನ್ ಕೂಗಿತು, ಅದರ ಹಿಂದೆಯೇ ಮೂರೂ ಫೋನುಗಳು ಒಟ್ಟಿಗೆ ಕಿರುಚಿದವು. ಇವರು ಮಗಳನ್ನು ಎತ್ತಿಕೊಂಡು ಮೆಟ್ಟಿಲ ಕೆಳಗಿನ ಕ್ಲಾಸೆಟ್ಟಿಗೆ ಓಡಿದರು, ನಾನು ಗ್ಯಾಸ್ ಆರಿಸಿ ಹಿಂದೆ ಹೋದೆ. ಅದರೊಳಗೆ ನಾವು ಮೂವರು, ವ್ಯಾಕ್ಯೂಮ್ ಕ್ಲೀನರ್, ಚಳಿಯ ಕೋಟುಗಳು, ಊರಿಗೆ ಒಯ್ಯುವ ಎರಡು ದೊಡ್ಡ ಸೂಟ್‌ಕೇಸು. ಆ ಸೂಟ್‌ಕೇಸುಗಳಲ್ಲಿ ಜುಲೈನಲ್ಲಿ ತಂದ ಶೇಂಗಾ ಚಟ್ನಿಯ ವಾಸನೆ ಇನ್ನೂ ಉಳಿದಿತ್ತು. ನಾಲ್ಕು ವರ್ಷದ ಮಗಳ ಕೈಯಲ್ಲಿ ಅರ್ಧ ತಿಂದ ಹೋಳಿಗೆ. ಅವಳು ಅದನ್ನು ತಿನ್ನಲಿಲ್ಲ, ಬಿಡಲೂ ಇಲ್ಲ. ಹಾಸಿಗೆಯನ್ನು ತಲೆಯ ಮೇಲೆ ಎಳೆದುಕೊಂಡು ಕೂತೆವು. ಕರೆಂಟ್ ಹೋಯಿತು.

ನನಗೆ ಆಗ ನೆನಪಾದದ್ದು ಗೆಳೆಯರು. ಗಡಿಯಾರ ಏಳಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವರು ಹೊರಟಿದ್ದರೆ ದಾರಿಯಲ್ಲಿರಬೇಕು. ಫೋನ್ ಮಾಡಿದೆ, ರಿಂಗ್ ಆಗಿ ಆಗಿ ನಿಂತಿತು. ಅಣ್ಣನ ನಂಬರಿಗೆ ಮಾಡಿದೆ, ಹತ್ತಲೇ ಇಲ್ಲ. ಇವರು ತಮ್ಮ ಫೋನಿನಲ್ಲಿ ಸುದ್ದಿ ನೋಡುತ್ತಿದ್ದರು, ದನಿ ಸಣ್ಣಗೆ ಇಟ್ಟಿದ್ದರು. ಟಿವಿಯವನು ರಸ್ತೆಗಳ ಹೆಸರು ಹೇಳುತ್ತಿದ್ದ. ಇಂಟರ್‌ಸ್ಟೇಟ್ 30, ಜಾರ್ಜ್ ಬುಷ್. ಅವನು ಮತ್ತೆ ಮತ್ತೆ ಹೇಳಿದ್ದು ಆ ಎರಡೇ ಹೆಸರು. ಇವರು ನನ್ನ ಮುಖ ನೋಡಿದರು, ಫೋನಿನ ಬೆಳಕಿನಲ್ಲಿ. ಇಬ್ಬರೂ ಮಾತಾಡಲಿಲ್ಲ. "ಬರ್ರಿ" ಅಂದದ್ದು ನಾನು. ನಾನು ಅಕ್ಕನ ನಂಬರನ್ನು ಒತ್ತುತ್ತಲೇ ಇದ್ದೆ, ಎಷ್ಟು ಸಲವೋ. ಅವರು ಎತ್ತಿದ್ದು 7 ಗಂಟೆ 12 ನಿಮಿಷಕ್ಕೆ. ಅವರೂ ಅವರ ಮನೆಯ ಬಚ್ಚಲ ತೊಟ್ಟಿಯೊಳಗೆ ಮಗುವನ್ನು ಮಲಗಿಸಿ ಮೇಲೆ ಬಾಗಿಕೊಂಡು ಕೂತಿದ್ದರಂತೆ, ಫೋನು ಹಾಲಿನಲ್ಲೇ ಉಳಿದಿತ್ತಂತೆ. "ಇವ ಮಲಕ್ಕೊಂಡಿದ್ದನವಾ, ಹಂಗಾಗಿ ಹೊರಡಲಿಲ್ಲ" ಅಂದರು. ನನಗೆ ಅಳು ಬಂತು. ಅಕ್ಕ ನಾನು ಹೆದರಿ ಅಳುತ್ತಿದ್ದೇನೆ ಅಂದುಕೊಂಡು ನನಗೇ ಸಮಾಧಾನ ಹೇಳಿದರು.

ಒಂದು ವಾರ ಬಿಟ್ಟು ಹೊದಿಕೆ, ಮಕ್ಕಳ ಬಟ್ಟೆ ಕೊಡಲು ರೌಲೆಟ್‌ಗೆ ಹೋದೆವು. ಮನೆಗಳ ಗೋಡೆಯೊಳಗೆ ತುಂಬುವ ಗುಲಾಬಿ ಬಣ್ಣದ ಗಾಜಿನ ಅರಳೆ ಎಲ್ಲ ಮರಗಳಿಗೂ ಅಂಟಿತ್ತು. ಎಲೆ ಇಲ್ಲದ ಕೊಂಬೆಗಳ ತುಂಬ ಅದೇ, ಬಿಡಿಸುವವರಿಲ್ಲದ ಹತ್ತಿ ಹೊಲದ ಹಾಗೆ. ಒಂದು ಓಣಿಯಲ್ಲಿ ಎಡಗಡೆಯ ಮನೆಗಳಿಗೆ ಸೂರಿಲ್ಲ, ಬಲಗಡೆ ಕ್ರಿಸ್‌ಮಸ್ ದೀಪದ ಸರವೂ ಅಲುಗಿರಲಿಲ್ಲ. ಪ್ರತಿ ಬಾಗಿಲಿನ ಮೇಲೂ ಹುಡುಕಾಟದ ತಂಡದವರು ಕಿತ್ತಳೆ ಬಣ್ಣದ ಸ್ಪ್ರೇಯಿಂದ ದೊಡ್ಡ ಗುಣಿಸು ಗುರುತು ಹಾಕಿ, ಅದರ ಸಂದುಗಳಲ್ಲಿ ಏನೇನೋ ಬರೆದಿದ್ದರು. ಒಳಗೆ ನೋಡಿದ್ದೇವೆ, ಯಾವಾಗ ನೋಡಿದೆವು, ಏನು ಸಿಕ್ಕಿತು ಎಂಬ ಲೆಕ್ಕ ಅದು. ಎಂಟು ದಿನದ ಹಿಂದೆ ನಾನು ನಮ್ಮ ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಟ್ಟಿದ್ದೆ. ಒಂದು ಮನೆಯ ಮುಂದೆ ಬಾಗಿಲು ಚೌಕಟ್ಟಿನ ಸಮೇತ ನಿಂತಿತ್ತು, ಗುರುತೂ ಇತ್ತು, ಹಿಂದೆ ಮನೆ ಇರಲಿಲ್ಲ. ಅಲ್ಲಿ ನಾವು ಕಾರು ನಿಲ್ಲಿಸಲಿಲ್ಲ.

ಅವ್ವನಿಗೆ ಹೇಳಲಾಗದ್ದು, ಹೇಳಲಾದದ್ದು

ಆ ರಾತ್ರಿಯೇ ಊರಿಗೆ ಫೋನ್ ಮಾಡಿದ್ದೆ. ಅಲ್ಲಿ ರವಿವಾರ ಬೆಳಗಿನ ಹತ್ತು ಗಂಟೆ. ಟೊರ್ನೇಡೊ ಅಂದರೆ ಅವ್ವನಿಗೆ ಗೊತ್ತಾಗಲಿಲ್ಲ, ಅದಕ್ಕೆ "ಸುಂಟರಗಾಳಿ ಬಂದಿತ್ತವ್ವಾ, ದೊಡ್ಡದು" ಅಂದೆ. ಅವ್ವ ಒಂದು ಗಳಿಗೆ ಸುಮ್ಮನಿದ್ದು, "ಸುಂಟರಗಾಳಿಗೆ ಯಾರರೆ ಹೆದರ್ತಾರೇನವಾ? ಸಣ್ಣಾಕಿದ್ದಾಗ ಅದರೊಳಗ ಹೊಕ್ಕು ಓಡ್ಯಾಡತಿದ್ದೆಲ್ಲಾ" ಅಂದಳು. ಅವಳ ಮಾತು ಸರಿ. ನಮ್ಮ ಕಡೆ ಬೇಸಿಗೆಯಲ್ಲಿ ರಾಶಿ ಮುಗಿದ ಬೋಳು ಹೊಲದಲ್ಲಿ ಧೂಳು, ಒಣ ಎಲೆ ಎತ್ತಿಕೊಂಡು ಗಿರ್ರೆಂದು ಹೋಗುತ್ತದಲ್ಲ, ಅದು ಸುಂಟರಗಾಳಿ. ದೆವ್ವ ಇರುತ್ತದೆ ಎಂದು ದೊಡ್ಡವರು ಹೆದರಿಸುತ್ತಿದ್ದರು, ನಾವು ಅಂಗಿ ಬಿಚ್ಚಿ ಅದರೊಳಗೆ ಎಸೆದು ಎಷ್ಟು ಎತ್ತರ ಹಾರುತ್ತದೆ ಎಂದು ನೋಡುತ್ತಿದ್ದೆವು. ಅದು ಕಾದ ನೆಲದಿಂದ ಮೇಲೇಳುವ ಗಾಳಿ. ಇದು ಮೋಡದಿಂದ ಇಳಿಯುವಂಥದ್ದು. ಪತ್ರಿಕೆಗಳಲ್ಲಿ ಎರಡಕ್ಕೂ ಒಂದೇ ಹೆಸರು. ಬಂಗಾಳದ ಕಡೆಯವರಿಗೆ ಈ ಎರಡನೆಯದು ಗೊತ್ತು. 1989ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ಮಾಣಿಕ್‌ಗಂಜ್ ಕಡೆ ಒಂದೇ ಟೊರ್ನೇಡೊಗೆ ಸುಮಾರು 1,300 ಜನ ಸತ್ತರು. ಎರೆಸೀಮೆಯ ಅವ್ವನಿಗೆ ಅದು ಗೊತ್ತಿರಬೇಕಾದ ಪ್ರಸಂಗವೇ ಬಂದಿರಲಿಲ್ಲ. ನಾನು ಮಾತು ಬದಲಿಸಿದೆ.

ಮೂರ್ನಾಲ್ಕು ದಿನಕ್ಕೆ ಪಶ್ಚಿಮ ಟೆಕ್ಸಸ್‌ನ ಸುದ್ದಿ ಬರತೊಡಗಿತು. ಅದೇ ಬಿರುಗಾಳಿ, ಅದೇ ವ್ಯವಸ್ಥೆ. ಅದರ ಬೆಚ್ಚನೆಯ ಬದಿಗೆ ನಾವು ಸಿಕ್ಕಿದ್ದೆವು, ತಣ್ಣನೆಯ ಬದಿಗೆ ಅವರು. ಪೂರ್ವದ ಮಿಸೌರಿ ಕಡೆ ಅದೇ ಮಳೆಯಾಗಿ ಸುರಿದು ಚಳಿಗಾಲದ ನಡುವೆ ನೆರೆ ತಂದಿತು. ನಮ್ಮಿಂದ ಐದಾರು ನೂರು ಕಿಲೋಮೀಟರ್ ದೂರ, ಲಬಕ್, ಮ್ಯೂಲ್‌ಶೂ, ಫ್ರಿಯೋನ, ಗಡಿಯಾಚೆ ನ್ಯೂ ಮೆಕ್ಸಿಕೋದ ಕ್ಲೋವಿಸ್. ಇಲ್ಲೆಲ್ಲ ಶನಿವಾರ ರಾತ್ರಿಯಿಂದ ಸೋಮವಾರದ ತನಕ ಹಿಮದ ಬಿರುಗಾಳಿ. ಬ್ಲಿಝರ್ಡ್ ಎನ್ನಬೇಕಾದರೆ ಗಾಳಿ ಗಂಟೆಗೆ 56 ಕಿಲೋಮೀಟರ್ ಮೀರಿ, ಮುಂದಿನದು 400 ಮೀಟರ್ ಕಾಣದಂತಾಗಿ, ಹಾಗೇ ಮೂರು ತಾಸು ಇರಬೇಕೆಂಬ ಲೆಕ್ಕವಿದೆ. ಅಲ್ಲಿ ಒಂದು ದಿನ ದಾಟಿದರೂ ಬಿಡಲಿಲ್ಲ. ಆ ಸೀಮೆ ಹೈನಿನ ಸೀಮೆ. ಒಂದೊಂದು ದೊಡ್ಡಿಯಲ್ಲಿ ಸಾವಿರಗಟ್ಟಲೆ ಹಸುಗಳು, ಹೆಚ್ಚಿನವು ಬಯಲು ಕೊಟ್ಟಿಗೆಗಳು. ಗಾಳಿಗೆ ಹಸು ಎದುರು ನಿಲ್ಲುವುದಿಲ್ಲ, ಬೆನ್ನು ಕೊಟ್ಟು ಅದು ನೂಕಿದ ಕಡೆ ನಡೆಯುತ್ತದೆ, ಬೇಲಿ ಅಡ್ಡ ಬಂದಲ್ಲಿ ನಿಲ್ಲುತ್ತದೆ. ಹಿಮ ಬಂದು ಬೀಳುವುದೂ ಅದೇ ಮೂಲೆಗೆ. ನಿಂತ ಹಸುಗಳು ನಿಂತಲ್ಲೇ ಮುಚ್ಚಿಹೋದವು. ಎರಡು ರಾಜ್ಯ ಸೇರಿ 30,000ಕ್ಕೂ ಹೆಚ್ಚು ಹಾಲು ಕರೆಯುವ ಹಸುಗಳು ಸತ್ತವು. ಬದುಕಿದವನ್ನೂ ಕರೆಯಲು ಆಳುಗಳು ದೊಡ್ಡಿ ಮುಟ್ಟಲಾಗಲಿಲ್ಲ. ಕೆಲವು ಕಡೆ ಹೆಚ್ಚುಕಡಿಮೆ ಎರಡು ದಿನ ಕೆಚ್ಚಲು ತುಂಬಿಕೊಂಡೇ ನಿಂತಿದ್ದವು. ಕರೆದ ಹಾಲು ಒಯ್ಯಲು ಲಾರಿ ಬರಲಾರದೆ ಚೆಲ್ಲಿದರು.

ಇದನ್ನು ಅವ್ವನಿಗೆ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ, ಫೋನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಅವ್ವ ಕೇಳಿದ್ದು: "ಎರಡ ದಿನಾ? ಎರಡ ದಿನಾ ಕರೀಲಿಲ್ಲ ಅಂದ್ರ ಕೆಚ್ಚಲಾ ಏನಾಗಬೇಕವಾ ಅವಕ್ಕ?" ನನಗೆ ತಕ್ಷಣ 2009 ನೆನಪಾಯಿತು. ಬೆಣ್ಣಿಹಳ್ಳ ಉಕ್ಕಿ ಬಂದಾಗ ನಮ್ಮ ಎಮ್ಮೆ ಆಚೆ ದಂಡೆಯ ಹೊಲದ ಗುಡಿಸಲಲ್ಲಿ ಸಿಕ್ಕಿಕೊಂಡಿತ್ತು. ಒಂದೂವರೆ ದಿನ ಅವ್ವ ನೀರಿನ ಈಚೆ ನಿಂತು ಅದು ಒದರುವುದನ್ನು ಕೇಳಿದ್ದಳು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಕೆಚ್ಚಲು ಕಲ್ಲಾಗಿತ್ತು, ಮುಟ್ಟಿದರೆ ಒದೆಯುತ್ತಿತ್ತು. ಬಿಸಿನೀರಿನ ಬಟ್ಟೆ ಹಿಡಿದು ಹಿಡಿದು, ರಾತ್ರಿಯೆಲ್ಲ ಕೂತು, ಹನಿ ಹನಿ ಇಳಿಸಿದ್ದಳು. ಕೆಚ್ಚಲು ಬಾವು ಬಂದು ಎರಡು ಮೊಲೆ ಬತ್ತಿಯೇಹೋದವು. ಆ ಎಮ್ಮೆಯನ್ನು ಅವಳು ಮಾರಲಿಲ್ಲ. ಈಗ ಅವ್ವ ಒಂದೊಂದೇ ಕೇಳತೊಡಗಿದಳು. ಕರುಗಳೇನಾದವು? ಹುಡುಕಿ ತೆಗೆದರೋ ಇಲ್ಲೋ? ಆ ಮನೆಯ ಹೆಣ್ಣುಮಕ್ಕಳು ಉಂಡರೋ? ಎಲ್ಲ ಕೇಳಿ ಕೊನೆಗೆ, "ಹಂಗಾದ್ರ ಅವತ್ತ ನಿಮ್ಮ ಊರಾಗ ಬಂದದ್ದೂ ಇದೇ ಗಾಳಿನೇನವಾ?" ಅಂದಳು. ಹೌದವ್ವಾ ಅಂದೆ. "ನೀ ಯಾಕ ಹಂಗಂತ ಹೇಳಲಿಲ್ಲ ಮತ್ತ?"

ಒಂದು ಚೀಟಿ

ಅಲ್ಲಿಂದ ಈಚೆಗೆ ಡಿಸೆಂಬರ್ ಸುದ್ದಿಗಳಿಗೆ ನನ್ನ ಕಿವಿ ತಾನೇ ಹೋಗುತ್ತದೆ. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಊರನ್ನು ನೆಲಸಮ ಮಾಡಿದ ಟೊರ್ನೇಡೊ ಒಂದೇ ಸಮ 266 ಕಿಲೋಮೀಟರ್ ನೆಲ ಬಿಡದೆ ಓಡಿತು, 57 ಜನ ಸತ್ತರು. ಅದಾಗಿ ಐದೇ ದಿನಕ್ಕೆ ಮಿನ್ನೆಸೋಟದಲ್ಲಿ ಟೊರ್ನೇಡೊ. ಚಳಿಗೆ ಹೆಸರಾದ ಆ ರಾಜ್ಯದಲ್ಲಿ ಡಿಸೆಂಬರ್ ತಿಂಗಳಲ್ಲಿ ಟೊರ್ನೇಡೊ ದಾಖಲಾದದ್ದು ಅದೇ ಮೊದಲು. ಅಲ್ಲಿಯೂ ಯಾರೋ ಯಾರಿಗೋ ಡಿಸೆಂಬರ್ ಅಲ್ಲವೇ ಎಂದು ಹೇಳಿಯೇ ಇರುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಊರಿನಿಂದ ಬಂದು ಆರಾರು ತಿಂಗಳು ಇರುವ ನಮ್ಮ ಹಿರಿಯರು. ನಾವು ಆಫೀಸಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ದೊಡ್ಡ ಮನೆಯಲ್ಲಿ ಅವರೊಬ್ಬರೇ. ಸೈರನ್ ಕೂಗಿದರೆ ಅದು ಆಂಬುಲೆನ್ಸೋ, ಕಾರ್ಖಾನೆಯೋ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಫೋನ್ ಕಿರುಚಿದರೆ ಅದರ ಮೇಲೆ ಬರುವುದು ಇಂಗ್ಲಿಷ್. ವಾಚ್ ಬೇರೆ, ವಾರ್ನಿಂಗ್ ಬೇರೆ ಎಂಬುದು ಇಂಗ್ಲಿಷ್ ಬಲ್ಲ ನಮಗೇ ಎಷ್ಟೋ ದಿನ ತಲೆಗೆ ಹೋಗಿರಲಿಲ್ಲ. ಈಗ ನಾನು ಹಿರಿಯರಿಗೆ ಹೀಗೆ ಹೇಳುತ್ತೇನೆ: ವಾಚ್ ಅಂದರೆ ಊರಿನಲ್ಲಿ ಎಲ್ಲೋ ಹೋರಿ ಹಗ್ಗ ಹರಿದುಕೊಂಡಿದೆ, ಮೈಮೇಲೆ ಎಚ್ಚರ ಇರಲಿ. ವಾರ್ನಿಂಗ್ ಅಂದರೆ ಹೋರಿ ನಿಮ್ಮ ಓಣಿಗೇ ಬಂದಿದೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಹಾವೇರಿ ಕಡೆಯವರಿಗಂತೂ ಎರಡನೇ ಸಲ ಹೇಳಬೇಕಾಗಿಲ್ಲ.

ಅವ್ವ ಬಂದದ್ದು 2017ರ ಮಾರ್ಚ್‌ನಲ್ಲಿ. ಬರುವ ಮುಂಚೆಯೇ ಮೆಟ್ಟಿಲ ಕೆಳಗಿನ ಕ್ಲಾಸೆಟ್ಟಿನಿಂದ ಸೂಟ್‌ಕೇಸು ತೆಗೆದೆ, ಒಂದು ಕೌದಿ ಹಾಸಿದೆ, ಟಾರ್ಚ್ ಇಟ್ಟೆ. ಅವ್ವ ನಾಲ್ಕನೆಯ ಇಯತ್ತೆ ಓದಿದವಳು, ಕೂಡಿಸಿ ಕೂಡಿಸಿ ಓದುತ್ತಾಳೆ. ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: "ಹೊರಗೆ ಜೋರಾಗಿ ಕೂಗು ಕೇಳಿದರೆ ಇದರೊಳಗೆ ಬಂದು ಕೂಡಬೇಕು. ಬಾಗಿಲು ಹಾಕಿಕೊಳ್ಳಬೇಕು. ತಲೆ ಮುಚ್ಚಿಕೊಳ್ಳಬೇಕು. ಕಿಟಕಿ ಹತ್ತಿರ ಹೋಗಬಾರದು." ಸೈರನ್ನಿನ ಕೂಗನ್ನು ಫೋನಿನಲ್ಲಿ ಕೇಳಿಸಿಯೂ ಇದ್ದೆ.

ನಮ್ಮ ಭಾಗದ ಊರುಗಳಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ ಸರಿ ಇದೆಯೋ ಇಲ್ಲವೋ ಎಂದು ಕೂಗಿಸಿ ನೋಡುತ್ತಾರೆ. ಆಕಾಶ ನಿರ್ಮಲವಾಗಿದ್ದ ದಿನ ಮಾತ್ರ. ಅದನ್ನು ಅವ್ವನಿಗೆ ಹೇಳಲು ಮರೆತಿದ್ದೆ. ಏಪ್ರಿಲ್‌ನ ಮೊದಲ ಬುಧವಾರ ಮಗಳನ್ನು ಶಾಲೆಯಿಂದ ಕರೆದುಕೊಂಡು ಮೂರೂವರೆಗೆ ಮನೆಗೆ ಬಂದೆ. ಹಾಲಿನಲ್ಲಿ ಅವ್ವ ಇಲ್ಲ, ಕೋಣೆಯಲ್ಲಿಲ್ಲ, ಹಿತ್ತಲಿನಲ್ಲಿಲ್ಲ. ಒಲೆ ಆರಿಸಿತ್ತು, ತಟ್ಟೆಯಲ್ಲಿ ಬಡಿಸಿಕೊಂಡ ಅನ್ನ ಹಾಗೇ ಒಣಗಿತ್ತು. ಕ್ಲಾಸೆಟ್ಟಿನ ಬಾಗಿಲು ತೆಗೆದೆ. ಅವ್ವ ಕೌದಿಯ ಮೇಲೆ ಕಾಲು ಮಡಚಿ, ಸೆರಗಿನ ಮೇಲೆ ಇನ್ನೊಂದು ಹೊದಿಕೆ ತಲೆಗೆ ಹೊದ್ದು ಕೂತಿದ್ದಳು. ಪಕ್ಕದಲ್ಲಿ ತಂಬಿಗೆಯಲ್ಲಿ ನೀರು, ಒಂದು ಮುರಿದ ರೊಟ್ಟಿ. ಟಾರ್ಚನ್ನು ಆರಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಸೆಲ್ ಮುಗಿಯಬಾರದೆಂದು.

"ಕೂಗು ಬಂದ್ ಆಗಿ ಭಾಳ ಹೊತ್ತಾತು" ಅಂದಳು. "ಖರೆ ಗಾಳಿ ಹೋತೋ ಇಲ್ಲೋ ಗೊತ್ತಾಗಲಿಲ್ಲ. ಯಾವಾಗ ಹೊರಗ ಬರಬೇಕಂತ ನಿನ್ನ ಚೀಟಿಯೊಳಗ ಬರದಿದ್ದಿಲ್ಲ ನೋಡು."

ಅವಳ ಕೈ ಹಿಡಿದು ಎಬ್ಬಿಸಿದೆ. ಕಾಲು ಜೋಮು ಹಿಡಿದಿತ್ತು, ಗೋಡೆಗೆ ಒರಗಿ ನಿಂತಳು. ಮಗಳು ಚೀಲದಿಂದ ದಪ್ಪ ಪೆನ್ನು ತಂದು ಕೊಟ್ಟಳು. ಚೀಟಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ: "ಕೂಗು ನಿಂತ ಮೇಲೆ ನನಗೆ ಫೋನ್ ಮಾಡು. ನಾನು ಹೇಳಿದ ಮೇಲೆ ಹೊರಗೆ ಬಾ." ಅವ್ವ ಕೂಡಿಸಿ ಕೂಡಿಸಿ ಓದಿದಳು. ಓದಿ, "ನಂಬರಾನೂ ಬರಿ, ದೊಡ್ಡದಾಗಿ" ಅಂದಳು.